ಹನಿಗೆ ಮೊದಲು

ನರ್ಸ್ ನುರ್ಹಯಾತ್ ಪಾಪೆ ಹಿಗ್ಗಿಸುವ ಹನಿಮದ್ದಿನ ಬಾಟಲಿ ಹಿಡಿದು ಕಣ್ಣಾಸ್ಪತ್ರೆಯ ಬೆಂಚಿನುದ್ದಕ್ಕೂ ಬರುತ್ತಿದ್ದಳು. ಅವಳು ಹತ್ತಿರವಾದಂತೆ ರೋಗಿಗಳ ತಲೆಗಳು ತಾವಾಗಿಯೇ ಹಿಂದಕ್ಕೆ ವಾಲುತ್ತಿದ್ದವು.

ಗುಲಿಜಾರ್ ಮಾತ್ರ ನೆಟ್ಟಗೆ ಕೂತಿದ್ದಳು. ಸಿವಾಸ್ ಊರಿನ ಪೇಟೆಯಲ್ಲಿ ಮದುವಣಗಿತ್ತಿಯರ ಉಡುಪು ಹೊಲಿಯುವವಳು. ಬೆಹ್ಚೆತ್ ರೋಗ ಅವಳ ಎರಡೂ ಕಣ್ಣೊಳಗೆ ಉರಿಯೂತ ಎಬ್ಬಿಸಿತ್ತು. ಸರ್ಕಾರ ಪುಕ್ಕಟೆ ಕೊಡುವ ಚುಚ್ಚುಮದ್ದಿನಿಂದ ದೃಷ್ಟಿ ಉಳಿದಿತ್ತು. ಕಣ್ಣಿಗೆ ಲೇಸರ್ ಬಿಟ್ಟು ಒಳಗಿನ ಕದಡನ್ನು ಅಳೆಯುವ ಯಂತ್ರವೊಂದಿದೆ. ಅದರ ಅಂಕಿ ಗೊತ್ತುಮಾಡಿದ ಗೆರೆಗಿಂತ ಕೆಳಗಿಳಿದರೆ ಮದ್ದು ಬಂದ್. ಈ ಚಳಿಗಾಲ ಎಷ್ಟೋ ಜನರಿಗೆ ಬಂದ್ ಆಗಿತ್ತು. ವಾಸಿಯಾಯಿತಂತೆ! ವಾಸಿಯಾದವರು ಗೋಡೆ ತಡವುತ್ತ ಮನೆಗೆ ಹೋಗುತ್ತಿದ್ದರು.

ಮೊದಲೆಲ್ಲ ಯಂತ್ರ ನೋಡಿದ ಮೇಲೆ ಹನಿ ಹಾಕುತ್ತಿದ್ದರು. ಈಗ ಹನಿಯೇ ಮೊದಲು. ಯಾಕೆ?

"ತಲೆ ಎತ್ತು, ಅಕ್ಕ."

"ಎಡಗಣ್ಣಿಗೆ ಹಾಕು. ಬಲಗಣ್ಣಿಗೆ ಬೇಡ."

"ಇದೇನು ನಿನ್ನ ಅಂಗಡೀನಾ, ಒಂದೇ ತೋಳು ಹೊಲೀರಿ ಅನ್ನೋಕೆ?"

"ಅಂಗಡಿಯೋಳು ಅಂತಾನೇ ಹೇಳ್ತಿದೀನಿ. ಬಟ್ಟೆ ನೆನೆಸಿ ಅಳತೆ ತೆಗೆಯೋ ದರ್ಜಿನ ನಾನು ನಂಬಲ್ಲ."

"ಡಾಕ್ಟರ್ ಹತ್ರ ನೀನೇ ಬೈಸ್ಕೋ," ಎಂದು ನರ್ಸ್ ಎಡಗಣ್ಣಿಗಷ್ಟೇ ಹನಿ ಬಿಟ್ಟು ಮೂತಿ ತಿರುವಿದಳು.

ಒಳಗೆ ಡಾಕ್ಟರ್ ತುಂಜಾಯ್ ಎರಡೂ ಕಣ್ಣು ಅಳೆದರು. ಎಡಗಣ್ಣು ಗೆರೆಯ ಕೆಳಗೆ. ಬಲಗಣ್ಣು ಮೇಲೆ.

"ನಿಮ್ಮ ಎರಡೂ ಕಣ್ಣು ಯಾವಾಗ್ಲೂ ಒಂದೇ ಸಮ ಇರ್ತಿದ್ವಲ್ಲ?"

"ಬಲಕ್ಕೆ ಹನಿ ಬಿದ್ದಿಲ್ಲ, ಡಾಕ್ಟರೇ."

ಅವರು ಎದ್ದು ಬಾಗಿಲು ಮುಚ್ಚಿದರು. ದನಿ ತಗ್ಗಿತು. "ಹನಿ ಬಿದ್ರೆ ಅಂಕಿ ಸ್ವಲ್ಪ ಇಳಿಯುತ್ತೆ. ಸಾಲು ಬೇಗ ಸಾಗ್ಲಿ, ಮೊದಲೇ ಹಾಕಿ ಅಂತ ಮೇಲಿನವರ ಆರ್ಡರು. ನಿಮ್ಮ ಮದ್ದು ಮುಂದುವರಿಸ್ತೀನಿ, ಅಕ್ಕ. ಹೊರಗೆ ಬಾಯಿ ಬಿಡಬೇಡಿ."

"ಸಾಲು ಸಾಗ್ಲಿ ಅಂತಲೋ, ಮದ್ದು ಮಿಗಲಿ ಅಂತಲೋ?"

ಡಾಕ್ಟರ್ ಯಂತ್ರದ ಪರದೆಯ ಕಡೆ ತಿರುಗಿ ಕೂತರು. ಆ ಬೆನ್ನೇ ಅವಳಿಗೆ ಉತ್ತರ ಹೇಳಿತು. ಸುಮ್ಮನೆ ಮನೆಗೆ ಹೋದರೆ ತನ್ನ ಕಣ್ಣುಳಿಯುತ್ತದೆ. ಅಷ್ಟೇ ಅಲ್ಲವೇ ತಾನು ಕೇಳಲು ಬಂದದ್ದು?

ಬಾಗಿಲು ತೆಗೆದಳು. ನರ್ಸ್ ಒಬ್ಬ ಮುದುಕನ ಮೇಲೆ ಬಾಗಿದ್ದಳು.

"ಮುಚ್ಚು ತಾತ ಕಣ್ಣು!" ಗುಲಿಜಾರ್ ಕೂಗಿದಳು. "ಎಲ್ಲಾ ಮುಚ್ಕೊಳ್ಳಿ! ಹನಿ ಬಿದ್ರೆ ಯಂತ್ರ ರೋಗ ಕಮ್ಮಿ ತೋರಿಸುತ್ತೆ. ಆಮೇಲೆ ಮದ್ದು ನಿಲ್ಲಿಸ್ತಾರೆ!"

"ಅಕ್ಕ, ನಿಮ್ಮ ಮದ್ದು..." ಎಂದರು ಹಿಂದಿನಿಂದ ಡಾಕ್ಟರ್. ಬೇಡಿಕೊಂಡರೋ ಬೆದರಿಸಿದರೋ ತಿಳಿಯಲಿಲ್ಲ.

ಮುದುಕ ಅಂಗೈಗಳಿಂದ ಕಣ್ಣು ಮುಚ್ಚಿಕೊಂಡ. ಪಕ್ಕದವಳೂ ಮುಚ್ಚಿದಳು, ಅವಳ ಪಕ್ಕದವನೂ. ಬೆಂಚಿನ ಕೊನೆಯಲ್ಲಿ ಮಗಳ ಕೈ ಹಿಡಿದು ಕೂತಿದ್ದ ಹೆಂಗಸು ಮಾತ್ರ ಎದ್ದು ನಿಂತಳು.

"ನನ್ನ ಮಗಳಿಗೆ ಹೋದ ತಿಂಗಳೇ ಮದ್ದು ನಿಲ್ಲಿಸಿದ್ರಿ. ಈಗ ಅವಳಿಗೆ ನನ್ನ ಮುಖ ಕಾಣಲ್ಲ. ಹನಿ ಇಲ್ಲದೆ ಅಳೀರಿ, ಡಾಕ್ಟರೇ. ಇಲ್ಲೇ, ನಮ್ಮೆಲ್ಲರ ಮುಂದೆ ಅಳೀರಿ."