ಆರತಿ ನೀರಿಗೆ ಹೆದರದ ಕಾರ್ಪೆಟ್ಟು

ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ರೇವತಿ ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯ ಕಾರ್ಪೆಟ್ ಅಂಗಡಿಗೆ ಬಂದಳು. ಅಂಗಡಿಯ ಬಷೀರ್ ಯಾವ ಗಿರಾಕಿಗೂ ಮೊದಲು ಬಣ್ಣ ತೋರಿಸುವವನಲ್ಲ. ಅವನದು ಒಂದೇ ಪ್ರಶ್ನೆ.

"ನಿಮ್ಮನೇಲಿ ಏನು ಚೆಲ್ಲುತ್ತೆ ಮೇಡಂ? ಕಾಫಿನಾ, ಎಣ್ಣೇನಾ, ಮಕ್ಕಳ ಉಚ್ಚೇನಾ?"

ಒಂಟಿ ಹೆಂಗಸಿನ ಮನೆಯಲ್ಲಿ ಏನು ತಾನೇ ಚೆಲ್ಲೀತು? ಒಂದು ವರ್ಷದಿಂದ ಅವಳ ಹೊಸ್ತಿಲು ದಾಟಿದವನು ಗ್ಯಾಸ್ ಸಿಲಿಂಡರಿನವನು ಮಾತ್ರ.

"ಆರತಿ ನೀರು," ಅಂದಳು.

ಹೋದ ಗೌರಿ ಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆಂದು ರಾಮಮೂರ್ತಿ ನಗರದ ಅವಳ ಬೀದಿಯ ಹೆಂಗಸರೆಲ್ಲ ಬಂದಿದ್ದರು. ಎದುರು ಮನೆ ಪಿಳ್ಳಮ್ಮನ ಏಳು ವರ್ಷದ ಮಗಳು ತೇಜಶ್ರೀ, ಆರತಿಯ ಕೆಂಪು ನೀರನ್ನು ಬಾಗಿಲ ರಂಗೋಲಿಗೆ ಹಾಕಲು ಒಯ್ಯುತ್ತಾ ಎಡವಿದಳು. ತಟ್ಟೆಯಲ್ಲಿದ್ದದ್ದೆಲ್ಲ ರೇವತಿಯ ಕೆನೆಬಣ್ಣದ ಉಣ್ಣೆ ಕಾರ್ಪೆಟ್ಟಿನ ಮೇಲೆ.

"ಕಣ್ಣು ಕಾಣಲ್ವೇನೇ, ದರಿದ್ರ ಮುಂಡೇದೇ!" ಎಂದು ರೇವತಿ ಕಿರುಚಿಬಿಟ್ಟಿದ್ದಳು.

ಹೆಣ್ಣುಮಗುವಿಗೆ, ಅದೂ ಗೌರಿಯ ಎದುರಿಗೆ, ಅನ್ನುವ ಮಾತೇ ಅದು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಪಿಳ್ಳಮ್ಮ ಕಂಡಾಗ ನಗುತ್ತಾಳೆ, ಒಳಗೆ ಬರುವುದಿಲ್ಲ. ಬೀದಿಯೂ ಅವಳ ಹಿಂದೆಯೇ.

ರೇವತಿ ಸ್ಕೂಲಿನ ಲ್ಯಾಬ್ ಅಟೆಂಡರ್. ಪರೀಕ್ಷೆ ಮಾಡದೆ ಏನನ್ನೂ ನಂಬುವವಳಲ್ಲ. ಎರಡು ಫಿಲಂ ರೋಲಿನ ಡಬ್ಬಿಗಳಲ್ಲಿ ಅರಿಶಿನ, ಸುಣ್ಣ ಅಂಗಡಿಗೇ ತಂದಿದ್ದಳು. ಬಷೀರ್ ನಗುತ್ತಲೇ ನೀರಲ್ಲಿ ಕಲಸಿ ಮೂರು ಬಗೆಯ ಕಾರ್ಪೆಟ್ ತುಂಡುಗಳ ಮೇಲೆ ಸುರಿದ. ಉಣ್ಣೆ ಗಟಗಟ ಕುಡಿಯಿತು. ನೈಲಾನಿನ ಮೇಲೆ ಹನಿ ಹನಿಯಾಗಿ ನಿಂತಿತು.

"ಇದಕ್ಕೆ ಮೇಲೆ ಲೇಪ ಹಚ್ಚಿರ್ತಾರೆ. ನಾಲ್ಕು ಸಲ ತೊಳೆದ್ರೆ ಹೋಗ್ಬಿಡುತ್ತೆ," ಅಂದ. ಮೂರನೆಯದನ್ನು ಮುಂದಕ್ಕೆ ತಳ್ಳಿದ. "ಇದು ಪ್ಲಾಸ್ಟಿಕ್ ದಾರ. ದಾರ ಮಾಡುವಾಗ್ಲೇ ಬಣ್ಣ ಒಳಗೆ ಸೇರಿಸಿರ್ತಾರೆ, ಬೇರೆ ಬಣ್ಣ ಹತ್ತಲ್ಲ. ಎಣ್ಣೆ ಒಂದು ಬೀಳ್ಬಾರ್ದು. ಉಜ್ಜಬೇಡಿ, ಬಟ್ಟೇಲಿ ಒತ್ತಿ ತೆಗೀರಿ."

ರೇವತಿ ಒತ್ತಿ ತೆಗೆದಳು. ಏನೂ ಇರಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳಿಗೆ ನಗು ಬಂತು.

ಹಬ್ಬದ ದಿನ ಬಾಗಿಲಿಗೇ ಹೋಗಿ ಗೋಗರೆದದ್ದಕ್ಕೆ ಪಿಳ್ಳಮ್ಮ ಮಗಳೊಂದಿಗೆ ಬಂದಳು. ಆರತಿಯಾಯಿತು. ತಟ್ಟೆ ಹಿಡಿದ ತೇಜಶ್ರೀ ಹೊಸ ಕಾರ್ಪೆಟ್ಟು ತುಳಿಯದೆ ಗೋಡೆಗೆ ಅಂಟಿಕೊಂಡು ನಡೆದಳು.

"ಅದ್ರ ಮೇಲೇ ನಡಿ ಪುಟ್ಟಾ, ಏನೂ ಆಗಲ್ಲ."

ಹುಡುಗಿ ಬೇಡವೆಂದು ತಲೆಯಾಡಿಸಿದಳು. ರೇವತಿಗೆ ತಡೆಯಲಾಗಲಿಲ್ಲ. ತಟ್ಟೆ ಕಿತ್ತುಕೊಂಡು ಕೆಂಪು ನೀರನ್ನೆಲ್ಲ ಕಾರ್ಪೆಟ್ಟಿನ ಮೇಲೆ ಸುರಿದುಬಿಟ್ಟಳು. "ನೋಡು ಈಗ!"

ತೇಜಶ್ರೀ ಮೂಲೆಗೆ ಸರಿದು ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದಳು. "ನಾನಲ್ಲ ಆಂಟಿ! ನಾನು ಚೆಲ್ಲಿಲ್ಲ!"

ಪಿಳ್ಳಮ್ಮ ಮಗಳನ್ನು ಎತ್ತಿಕೊಂಡಳು. "ಬರ್ತೀವಿ ರೇವತಮ್ಮ, ಒಲೆ ಮೇಲೆ ಹಾಲಿಟ್ಟಿದೀನಿ."

ರೇವತಿ ಬಟ್ಟೆ ತಂದು ಒತ್ತಿದಳು. ಬಷೀರ್ ಹೇಳಿದಂತೆಯೇ ಒಂದು ಚೂರೂ ಕಲೆ ಉಳಿಯಲಿಲ್ಲ. ಆದರೂ ಅವಳು ಒತ್ತುತ್ತಲೇ ಕೂತಿದ್ದಳು.