ಉಳಿಸಿಕೊಂಡ ದನಿ

ಹೊನ್ನಾವರದ ಬಂದರಿನಲ್ಲಿ ಮೀನಿನ ಹರಾಜು ಕೂಗುತ್ತಿದ್ದ ರಮಾನಂದನ ಗಂಟಲಲ್ಲಿ ಕ್ಯಾನ್ಸರ್ ಬಲಿತಿತ್ತು. ಧ್ವನಿಪೆಟ್ಟಿಗೆ ತೆಗೆಯುವುದೇ ಒಳ್ಳೆಯದು, ಉಳಿಸಲೇಬೇಕೆಂದರೆ ವಿಕಿರಣದ ಕರೆಂಟು ಕೊಟ್ಟು, ಕೀಮೋ ಮಾಡಿ ನೋಡಬಹುದು ಎಂದರು ಮಂಗಳೂರಿನ ಡಾಕ್ಟರು.

"ದನಿ ಹೋದ್ಮೇಲೆ ನಾ ಎಂತಕ್ಕೆ ಇರೂದು?" ಎಂದ ರಮಾನಂದ. ತೆಗೆಸಿಬಿಡಿ ಎಂದು ಹೆಂಡತಿ ಗಂಗಾ ಎಷ್ಟು ಹೇಳಿದರೂ ಕೇಳಲಿಲ್ಲ.

ಕರೆಂಟು, ಕೀಮೋಗೆ ಗಡ್ಡೆ ಕರಗಿತು, ಪೆಟ್ಟಿಗೆಯೂ ಉಳಿಯಿತು. ಆದರೆ ಬೆಂದ ಗಂಟಲು ಸೆಟೆದುಕೊಂಡು, ಕುಡಿದ ಗಂಜಿ ಶ್ವಾಸಕೋಶಕ್ಕೆ ಇಳಿಯತೊಡಗಿತು. ಊಟಕ್ಕೆಂದು ಮೂಗಿನಲ್ಲಿ ನಳಿಕೆ ಹಾಕಿದರು. ದನಿ ಪಿಸುಮಾತಿನಿಂದ ಮೇಲೇಳಲೇ ಇಲ್ಲ. ಮಳೆಗಾಲ ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವ ಹೊತ್ತಿಗೆ ಕುತ್ತಿಗೆಯಲ್ಲಿ ಹೊಸ ಗಂಟು ಎದ್ದಿತ್ತು.

"ಈಗಾದ್ರೂ ತೆಗೀರಿ ಡಾಕ್ಟ್ರೇ" ಎಂದು ಗಂಗಾ ಕೈಮುಗಿದಳು. ಗಂಟು ದೊಡ್ಡ ರಕ್ತನಾಳವನ್ನು ಸುತ್ತಿಕೊಂಡಿದೆ, ಇನ್ನು ಆಪರೇಷನ್ ಆಗದು ಎಂದರು ಅವರು.

ಊರಿಗೆ ಮರಳುವ ರೈಲು ಮುರ್ಡೇಶ್ವರ ದಾಟಿದ ಮೇಲೆ ರಮಾನಂದ ಏನೋ ಹೇಳಿದ. ಗಾಡಿಯ ಸದ್ದಿಗೆ ಕೇಳಿಸದೆ ಗಂಗಾ ಅವನ ಬಾಯಿಗೆ ಕಿವಿ ತಂದಳು.

"ನಿನ್ ಮಾತು ಕೇಳ್ಬೇಕಾಗಿತ್ತು."

"ಆತು ಬಿಡಿ. ಮಾತಾಡಿ ಗಂಟ್ಲು ದಣಿಸ್ಬೇಡಿ" ಎಂದಳು.

ಹಾಗೆಂದಳಾದರೂ, ಹೊನ್ನಾವರ ಬರುವತನಕ ಕಿವಿಯನ್ನು ಅಲ್ಲಿಂದ ತೆಗೆಯಲಿಲ್ಲ.