ಶಿವಕಾಂತಾಳ ಸಾತ್ವಿಕ ಮೀನು

ಎಂಬತ್ತೆರಡನೇ ಇಸವಿಯ ಮಾತು. ಜೇವರ್ಗಿಯ ಹೆಣ್ಣುಮಕ್ಕಳ ಶಾಲೆ ಸೇರಿ ಎಂಟು ತಿಂಗಳಾದರೂ ಶಿವಕಾಂತಾ ಇನ್ನೂ ಹಂಗಾಮಿ ವಿಜ್ಞಾನ ಟೀಚರ್. ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಪಾಠ ನೋಡಲು ಬರುವವರಿದ್ದರು; ಮೆಚ್ಚಿದರೆ ನೌಕರಿ ಉಳಿಯುತ್ತಿತ್ತು. ಇಲ್ಲವೆಂದರೆ ನಿಂಬರ್ಗಾಕ್ಕೆ ವಾಪಸು. ಅಲ್ಲಿ ಅಪ್ಪ ಗೊತ್ತು ಮಾಡಿಟ್ಟ ವರ, ಅವನ ನಾಲ್ಕು ಎಮ್ಮೆ.

ಅಂಥ ದಿನಕ್ಕೆ ಈಕೆ ಆರಿಸಿಕೊಂಡದ್ದು ಮೀನು! ಮೀನಿನ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಲಿಂಗವಂತರ ಮನೆಯ ಹುಡುಗಿ. ಶಾಲೆಯ ಕಪಾಟಿನಲ್ಲೊಂದು ಗಾಜಿನ ಭರಣಿ ಇತ್ತು, ಚೀಟಿ ಕಿತ್ತುಹೋಗಿತ್ತು. ಔಷಧದ ನೀರಿನೊಳಗೆ ಗೇಣುದ್ದದ ಸಮುದ್ರದ ಮೀನು. ಚಪ್ಪಟೆ ತಲೆ, ನೆತ್ತಿಯ ಮೇಲೆ ಎರಡು ಕಣ್ಣು, ಬಾಯಿಯೂ ಮೇಲಕ್ಕೇ. ನೋಡಿದ್ದೇ ಶಿವಕಾಂತಾಳ ಕಣ್ಣು ತುಂಬಿ ಬಂತು. ಅಜ್ಜಿ ಗುರುಶಾಂತಮ್ಮನ ಕಥೆಗಳಲ್ಲಿ ಮುಗಿಲಿಗೆ ಮುಖ ಮಾಡಿ ಕೂತವರೆಲ್ಲ ಶರಣರೇ. ಇನ್ನು ಪುಸ್ತಕ ತೆರೆಯುವ ತಸ್ದಿ ಯಾಕೆ?

"ಇದು ಭಾಳ ಸಾತ್ವಿಕ ಮೀನು," ಎಂದಳು ಮರುದಿನ, ಸಾಹೇಬರ ಎದುರಿಗೇ. "ಸಮುದ್ರದ ತಳದಾಗ ಕೂತು ಮುಗಿಲು ನೋಡತದ. ಯಾರ ತಂಟೆಗೂ ಹೋಗಲ್ಲ. ಪಾಚಿ ತಿಂತದ." ಬೋರ್ಡಿನ ಮೇಲೆ ‘ಆಹಾರ: ಪಾಚಿ’ ಎಂದು ದುಂಡಗೆ ಬರೆದಳು.

ಸಾಹೇಬರು ಕಾರವಾರದವರು. ಮೀಸೆಯೊಳಗೇ ನಕ್ಕರು. "ಮೇಡಂ, ಹೊಟ್ಟೆ ಕೊಯ್ದು ತೋರಿಸಿ, ನೋಡುವ."

ಆಯಾ ಪ್ಯಾರಿಬಿ ಬ್ಲೇಡು ತಂದುಕೊಟ್ಟು ಕಿವಿಯಲ್ಲಿ ಉಸುರಿದಳು: "ಅಕ್ಕಾರ, ನಾ ಕೊಯ್ಲೇನ್ರಿ? ನಮಗ ರೂಢಿ ಅದ."

ಎಲ್ಲರೂ ನೋಡುತ್ತಿದ್ದರು. ಶಿವಕಾಂತಾ ಕೊರಳ ಲಿಂಗವನ್ನು ಮೆಲ್ಲಗೆ ಬೆನ್ನಿನ ಕಡೆ ಸರಿಸಿ, "ಯಪ್ಪಾ, ಸ್ವಲ್ಪ ಆ ಕಡೆ ನೋಡು," ಎಂದು ಮನಸ್ಸಿನಲ್ಲೇ ಬೇಡಿಕೊಂಡು ಬ್ಲೇಡು ಎಳೆದಳು.

ಸಾತ್ವಿಕ ಹೊಟ್ಟೆಯಿಂದ ಬಾಲದ ಸಮೇತ ಇಡೀ ಮರಿಮೀನೊಂದು ಜಾರಿ ಬಿತ್ತು. ಅದರ ಹಿಂದೆ ಇನ್ನೊಂದು.

"ಟೀಚರ್, ಪಾಚೀಗಿ ಕಣ್ಣ ಅವರಿ!" ಎಂದಳು ಮುಂದಿನ ಸಾಲಿನ ದ್ರೌಪದಿ. ಕ್ಲಾಸೆಲ್ಲ ಗೊಳ್ಳೆಂದಿತು.

"ಉಸುಕಿನಲ್ಲಿ ಹುಗಿದುಕೊಂಡು ಕಣ್ಣಷ್ಟೇ ಹೊರಗಿಡ್ತದೆ," ಎಂದರು ಸಾಹೇಬರು. "ತಲೆ ಮೇಲೆ ಬಂದದ್ದನ್ನು ಗುಳುಂ ಮಾಡ್ತದೆ."

ನಾಲ್ಕೂ ಎಮ್ಮೆ ಶಿವಕಾಂತಾಳ ಕಣ್ಣ ಮುಂದೆ ಬಂದು ನಿಂತವು. ಅಳು ಬರುವುದರೊಳಗೆ ನಗೆಯೇ ಹೊರಬಿತ್ತು. ಪಾಚಿ ಒರೆಸಿ ‘ಮರಿಮೀನು’ ಎಂದು ಬರೆದಳು. "ನಾ ಹೇಳಿದ್ದು ತಪ್ಪದ. ಬರೇ ಮಾರಿ ನೋಡಿ ಹೇಳಿಬಿಟ್ಟೆ. ಬರಕೋರಿ."

ಸಾಹೇಬರು ಎದ್ದು ಹೆಡ್‌ಮಾಸ್ತರ ಅಣ್ಣಾರಾಯರಿಗೆ ಹೇಳಿದರು: "ಇನ್ನೊಂದು ವರ್ಷ ಇರಲಿ. ಆದರೆ ವಿಜ್ಞಾನ ಬೇಡ, ಕನ್ನಡ ಕೊಡಿ."

"ಬ್ಯಾಡ್ರಿ ಸರ್! ವಿಜ್ಞಾನನೇ ಇರಲಿರಿ!" ಕೂಗಿಕೊಂಡು ಶಿವಕಾಂತಾ ಅವರ ದಾರಿಗೆ ಅಡ್ಡ ಬಂದಳು. ಬ್ಲೇಡು ಇನ್ನೂ ಕೈಯಲ್ಲೇ ಇತ್ತು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. "ಆಯ್ತು ಮಾರಾಯ್ತಿ, ಆಯ್ತು. ವಿಜ್ಞಾನವೇ ಇರಲಿ."